ಹನ್ನೊಂದು ಸೆಕೆಂಡು

ನಿಯಮ ಬರೆದವನು ನಾನೇ.
ವಾಷಿಂಗ್ಟನ್ನಿನ ಆರೋಗ್ಯ ಇಲಾಖೆ, ನಾಲ್ಕನೇ ಮಹಡಿ,
ಕಿಟಕಿಯಿಲ್ಲದ ಕೋಣೆ, ಹೀಟರಿಗೆ ಸದಾ ಗೊರಕೆ.
'ಆಸ್ಪತ್ರೆಯಿಂದ ಮನೆಗೆ ಹೋದವರ ಔಷಧದ ಪಟ್ಟಿ
ಅದಲುಬದಲಾಗದಂತೆ ಕಾಯುವ ತಂತ್ರಾಂಶಕ್ಕೆ
ಸರ್ಕಾರದ ಬಹುಮಾನ ಎಪ್ಪತ್ತೈದು ಸಾವಿರ ಡಾಲರು.
ಬರಹ ಐದು ಪುಟ ಮೀರಬಾರದು.
ವಿಡಿಯೊ ಮೂರು ನಿಮಿಷ ಮೀರಬಾರದು.'
ಮೂರೇ ಯಾಕೆ? ಯಾರೂ ಕೇಳಲಿಲ್ಲ.
ಹೇಳುವುದಾದರೆ, ಅವತ್ತು ನನ್ನ ನೂಡಲ್ಸು
ಬೇಯಲು ಹಿಡಿದದ್ದು ಅಷ್ಟೇ ಹೊತ್ತು.

ಬಂದವು ನೂರಾ ಆರು ಅರ್ಜಿ.
ಹಾರುವ ಬಾಣ, ನೀಲಿ ವೃತ್ತದೊಳಗೆ ಹಸಿರು ವೃತ್ತ,
ಹಿನ್ನೆಲೆಗೆ ಪಿಯಾನೊ.
ಎಲ್ಲರಿಗೂ ರೋಗಿ ಒಬ್ಬಳೇ: ಗರಿಗರಿ ಅಂಗಿಯ,
ಮಾತ್ರೆ ನುಂಗಿದ ಮೇಲೂ ಮುಗುಳ್ನಗುವ ಅಜ್ಜಿ.
ಬಾಡಿಗೆ ಫೋಟೊದವಳು. ಒಂಬತ್ತು ಕಡೆ ಸಿಕ್ಕಳು.

ಅರವತ್ತೆರಡನೆಯದು ಕೆಂಟಕಿಯ ಗುಡ್ಡಗಳಿಂದ.
ವರ್ನಾ ಟ್ಯಾಕೆಟ್, ಕ್ಲಿನಿಕ್ಕಿನ ಔಷಧ ಕೌಂಟರಿನವಳು.
'ತಂಡದ ಸದಸ್ಯರು' ಎಂಬಲ್ಲಿ ಬರೆದಿದ್ದಳು:
'ನಾನು. ಭಾನುವಾರವಾದರೆ ತಂಗಿಯ ಮಗ.'
ಅವರ ಕಣಿವೆಗೆ ಸಿಗ್ನಲ್ಲು ಇಳಿಯುವುದಿಲ್ಲವಂತೆ.
ಅದಕ್ಕೇ ಅವಳದು
ಅಡುಗೆಮನೆ ಗೋಡೆಯ ಹಳೇ ಫೋನಿಗೇ ಕರೆ ಮಾಡುತ್ತದೆ,
ಅವಳದೇ ದನಿಯಲ್ಲಿ ಕೇಳುತ್ತದೆ:
'ಬಿಳಿಯದು ಆಯ್ತಾ? ಆಗಿದ್ರೆ ಒಂದು ಒತ್ತು.
ಗುಲಾಬಿ ಬಣ್ಣದ್ದು ನಿಲ್ಲಿಸಿದ್ದಾರೆ, ನೆನಪಿದ್ರೆ ಎರಡು.
ಏನೂ ತಿಳೀತಿಲ್ಲ ಅಂದ್ರೆ ಏನೂ ಒತ್ತಬೇಡ,
ಸುಮ್ಮನೆ ಹಿಡಿದಿರು, ನಾನೇ ಬರ್ತೀನಿ.'

ಕೊನೆಯ ಮಾತು ತಂತ್ರಾಂಶದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ,
ನಿಯಮದಲ್ಲಿ ಹುಡುಕಿದೆ. ಬರೆದಿರಲಿಲ್ಲ.

ವಿಡಿಯೊದಲ್ಲಿ ಅವಳ ಮಾವ ಆರ್ಬಿನ್.
ಮೂವತ್ತು ವರ್ಷ ಗಣಿಗಿಳಿದವನು, ಎದೆಯ ತಿದಿ ಹರಿದಿದೆ.
ಫೋನು ಹೊಡೆದುಕೊಳ್ಳುತ್ತದೆ. ಎದ್ದು ಹೋಗಿ ಎತ್ತುತ್ತಾನೆ.
ಒಂದು ಒತ್ತಬೇಕು.
ಒತ್ತುವ ಮೊದಲೇ ಕೆಮ್ಮು. ಮತ್ತೆ ಕೆಮ್ಮು.
ಮೇಜಿನ ಅಂಚು ಹಿಡಿದ, ಉಪ್ಪಿನ ಡಬ್ಬಿ ಅದುರಿತು,
ಕ್ಯಾಮೆರಾ ಒಮ್ಮೆ ಅವನತ್ತ ವಾಲಿ
ಹಿಂದಕ್ಕೆ ಬಂತು.
ಅವಳು ಅದನ್ನು ಕತ್ತರಿಸಿರಲಿಲ್ಲ.
ಅವನು ಒಂದು ಒತ್ತಿ, ನಮ್ಮತ್ತ ತಿರುಗಿ
'ಕ್ಷಮಿಸಿ' ಅಂದಾಗ
ಕೆಳಗೆ ಅಂಕಿ: ಮೂರು ನಿಮಿಷ, ಹನ್ನೊಂದು ಸೆಕೆಂಡು.

ಅನರ್ಹ.
ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು,
ಕಾರಣ ತಾನೇ ತುಂಬಿಕೊಳ್ಳುತ್ತದೆ. ಹಾಕಿದೆ.
ನಿಯಮಕ್ಕೆ ಕಿವಿಯಿಲ್ಲ ಅನ್ನಬಹುದು ಬೇರೆಯವರು;
ನನಗೆ ಎರಡಿದ್ದವು, ಹೆಡ್‌ಫೋನಿನೊಳಗೆ.

ಬಹುಮಾನ ಬಾಸ್ಟನ್ನಿಗೆ ಹೋಯಿತು. ಹೋಗಬೇಕಾದ್ದೇ.
ಒಳ್ಳೇ ಹುಡುಗರು, ಚೊಕ್ಕ ಕೆಲಸ, ಒಬ್ಬ ಅತ್ತೇಬಿಟ್ಟ.
ಬಾಗಿಲಿನಷ್ಟಗಲದ ರಟ್ಟಿನ ಚೆಕ್ಕು
ಲಿಫ್ಟಿನೊಳಗೆ ಹಿಡಿಸಲಿಲ್ಲ;
ನಾನೂ ಒಂದು ಮೂಲೆ ಹಿಡಿದು ಮೆಟ್ಟಿಲಿಳಿಸಿದೆ.

ಮರುವರ್ಷದ ನಿಯಮದಲ್ಲಿ ಬರೆದೆ:
'ವಿಡಿಯೊ ಮೂರು ನಿಮಿಷ ಹನ್ನೊಂದು ಸೆಕೆಂಡು ಮೀರಬಾರದು.'
ಪ್ರುಯಿಟ್ ಮೇಡಂ ಕನ್ನಡಕ ಇಳಿಸಿ ಕೇಳಿದರು, ಏನಿದು ಹನ್ನೊಂದು?
ವಕೀಲರು ನೋಡಿದ್ದಾರೆ, ಅಂದೆ.
ವಕೀಲರಿಗೆ, ಮೇಡಂ ನೋಡಿದ್ದಾರೆ, ಅಂದಿದ್ದೆ.
ಹಾಗೇ ಅಚ್ಚಾಯಿತು.

ಈ ಸಲ ಇನ್ನೂರು ಚಿಲ್ಲರೆ. ಎಲ್ಲರೂ
ಆ ಹನ್ನೊಂದನ್ನು ಬಿಡದೆ ಬಳಸಿಕೊಂಡಿದ್ದರು:
ಲಾಂಛನ ಗಿರಗಿರ ತಿರುಗಿಸಲು, ಪಿಯಾನೊ ಏರಿಸಲು,
ಅದೇ ಅಜ್ಜಿ ಇನ್ನೊಮ್ಮೆ ಮುಗುಳ್ನಗಲು.
ಕೆಂಟಕಿಯಿಂದ ಒಂದೂ ಇಲ್ಲ.
ಕಡೆಯ ದಿನ, ನಡುರಾತ್ರಿ ಗಡುವು ಮುಗಿಯುವ ತನಕ
ಕೂತೇ ಇದ್ದೆ, ಬರಿದೇ ಪುಟ ತಾಜಾ ಮಾಡುತ್ತ.

ಹಳೇ ಅರ್ಜಿಯ ಮೂಲೆಯಲ್ಲೊಂದು ನಂಬರಿತ್ತು,
'ಬೇಕಿದ್ದರೆ ಪರೀಕ್ಷಿಸಿ ನೋಡಿ.'
ಒತ್ತಿದೆ. ಇನ್ನೂ ಜೀವ ಇತ್ತು ಅದಕ್ಕೆ.
'ರಾತ್ರಿಯ ಅರ್ಧ ಮಾತ್ರೆ ಆಯ್ತಾ?' ಅವಳ ದನಿ,
ಹಿಂದೆಲ್ಲೋ ಬೊಗಳುವ ನಾಯಿ. ಒಂದು. ಎರಡು.
ನಾನು ಏನೂ ಒತ್ತಲಿಲ್ಲ.
ಸುಮ್ಮನೆ ಹಿಡಿದಿದ್ದೆ.
ಎಣಿಸುತ್ತ ಹತ್ತಕ್ಕೆ ಬಂದವನೇ ಥಟ್ಟನೆ ಇಟ್ಟುಬಿಟ್ಟೆ,
ನಿಜಕ್ಕೂ ಬಂದುಬಿಟ್ಟಾಳೆಂದು.