ಎಣಿಕೆ

ಜೇಜು ದ್ವೀಪದ ಈ ಪೇಟೆಯಲ್ಲಿ ರಾತ್ರಿ ಬಾಗಿಲು ಹಾಕದ ಅಂಗಡಿ ನಮ್ಮದೊಂದೇ.
ಗಲ್ಲಾದಲ್ಲಿ ನಾನು. ಎಂಬತ್ತು ಕಂಪ್ಯೂಟರು, ಎಂಬತ್ತು ಕುರ್ಚಿ,
ಕಪ್ಪು ಪರದೆ ಎಳೆದ ಕಿಟಕಿ.
ಹೊತ್ತು ಹುಟ್ಟಿದ್ದು ಒಳಗಿನವರಿಗೆ ತಿಳಿಯಬಾರದು,
ಅದು ಮಾಲೀಕರ ಕಟ್ಟಪ್ಪಣೆ.

ಮೂವತ್ತೇಳನೇ ಕುರ್ಚಿಯಲ್ಲಿ ನನ್ನ ತಮ್ಮ ಇನ್‌ಹೋ.
ಹತ್ತೊಂಬತ್ತು ವರ್ಷ.
ಬೇರೆ ಮನೆಗಳಲ್ಲಿ ಎಷ್ಟು ತಾಸಾಯಿತೆಂದು ಅಂದಾಜು ಹಾಕುತ್ತಾರೆ,
ನನಗೆ ರಸೀದಿಯಲ್ಲೇ ಗೊತ್ತು:
ಸೋಮವಾರ ಹನ್ನೊಂದು, ಮಂಗಳವಾರ ಹದಿನಾಲ್ಕು,
ಬುಧವಾರ ಅವನು ಎದ್ದೇ ಇಲ್ಲ, ಹಾಗಾಗಿ ಅದು ಗುರುವಾರದ ಲೆಕ್ಕಕ್ಕೆ ಸೇರಿತು.
ನೂಡಲ್ಸಿಗೆ ಬಿಸಿನೀರು ಹೊಯ್ದು ಕೊಡುವವಳೂ ನಾನೇ.
ಕಣ್ಣು ಕದಲಿಸದೆ ತಿನ್ನುತ್ತಾನೆ. ತುತ್ತು ಬಾಯಿಗೆ ಹೋಗುವ ದಾರಿ
ಕೈಗೆ ಇನ್ನೂ ನೆನಪಿದೆ, ಪುಣ್ಯ.

ಮೊದಲು ಹೀಗಿರಲಿಲ್ಲ ಅನ್ನಲಾರೆ. ಹೀಗೇ ಇದ್ದ, ಸ್ವಲ್ಪ ಕಡಿಮೆ.
ಪರೀಕ್ಷೆಯಲ್ಲಿ ಎರಡನೇ ಸಲ ಜಾರಿದ ಮೇಲೆ ಪೂರ್ತಿ.
ಅಲ್ಲಿ ಒಳಗೆ ಅವನನ್ನು ಕ್ಯಾಪ್ಟನ್ ಅನ್ನುತ್ತಾರಂತೆ,
ನಲವತ್ತು ಜನ ಅವನ ಮಾತಿಗೆ ಕಾದಿರುತ್ತಾರಂತೆ.
ಮನೆಯಲ್ಲಿ ಅವನ ಮಾತಿಗೆ ಕಾಯುವವರು ಇಬ್ಬರು.
ಇಬ್ಬರು ಯಾವ ಲೆಕ್ಕ.

ನಸುಕಿನಲ್ಲಿ ಒಂದು ದಿನ ಅಜ್ಜಿ ಬಂದಳು.
ಮಲ್‌ಸುನ್, ಎಪ್ಪತ್ತಾರು, ಬರಿಯ ಉಸಿರು ಕಟ್ಟಿ ಕಡಲಿಗೆ ಮುಳುಗಿ
ಬಂಡೆಯ ಚಿಪ್ಪು ಕಿತ್ತು ತರುವವಳು.
ರಬ್ಬರು ಅಂಗಿಯ ವಾಸನೆ ಅವಳಿಗಿಂತ ಮೊದಲು ಒಳಗೆ ಬಂತು.
ಬೈಯುತ್ತಾಳೆ, ಇಡೀ ಸಾಲು ತಿರುಗಿ ನೋಡುತ್ತದೆ ಅಂದುಕೊಂಡೆ.
ಯಾರೂ ತಿರುಗಲಿಲ್ಲ.
ಅವಳು ಅವನ ಬೆನ್ನ ಮೇಲೆ ಅಂಗೈ ಇಟ್ಟಳು,
ನೀರಿನಿಂದ ಎತ್ತಿ ಹಾಕಿದವರ ಬೆನ್ನು ಮುಟ್ಟಿ ನೋಡುವ ಹಾಗೆ.
"ಉಸಿರು ಹಿಡಿದು ಎಷ್ಟು ಹೊತ್ತಾಯ್ತೋ?"

ಹೆಡ್‌ಫೋನು ಸರಿಸದೆ ಅಂದ: "ಇನ್ನೊಂದೇ ಒಂದು, ಅಜ್ಜಿ."

ಅವಳ ಮುಖ ಬಿಳಿಚಿದ್ದು ಆಗ.
ಅವಳ ಅಕ್ಕ ಬುಟ್ಟಿ ತುಂಬಿಸಿ ತಳದಿಂದ ಮೇಲಕ್ಕೆ ಹೊರಟವಳು
ಕಲ್ಲಿನ ಸಂದಿಯಲ್ಲಿ ಅಂಗೈಯಗಲದ ಚಿಪ್ಪು ಕಂಡು
ಇನ್ನೊಂದೇ ಒಂದು ಅಂತ ತಿರುಗಿರಬೇಕು.
ಚಿಪ್ಪು ಸಿಕ್ಕಿತ್ತು. ಮುಷ್ಟಿ ಬಿಡಿಸಲು ನಾಲ್ಕು ಜನ ಬೇಕಾಯಿತು.

ಭಾನುವಾರ ಅವನನ್ನು ದಡಕ್ಕೆ ಕರೆದೊಯ್ದಳು. ಬಲವಂತವಿಲ್ಲ, ಕೂಲಿ ಕೊಡುತ್ತೇನೆ ಅಂದಳು.
"ಕೂತು ಎಣಿಸು. ನೂರು ದಾಟಿದರೆ ಕೂಗಿ ಜನ ಸೇರಿಸು.
ವಯಸ್ಸಾಯಿತು, ನನ್ನ ಎಣಿಕೆಯ ಮೇಲೆ ನನಗೇ ನೆಚ್ಚಿಕೆಯಿಲ್ಲ."
ಸುಳ್ಳು. ಆ ಎದೆಯಲ್ಲಿ ಗಡಿಯಾರವಿದೆ.

ಕಪ್ಪು ಕಲ್ಲಿನ ಮೇಲೆ ಕೂತ, ಬಿಸಿಲಿಗೆ ಕಣ್ಣು ಕಿರಿದು ಮಾಡಿ.
ಒಂದು. ಎರಡು. ಹನ್ನೆರಡು.
ಕಿತ್ತಳೆ ಬಣ್ಣದ ಬುರುಡೆ ತೇಲುತ್ತಿತ್ತು, ಅದರ ಕೆಳಗೆ ಎಲ್ಲೋ ಅಜ್ಜಿ.
ನಲವತ್ತೊಂದು.
ಜೇಬು ನಡುಗಿತು.
ನೋಡಿದೆ ಅಂತ ಅವನೇ ಹೇಳಿದ. ಏನಿತ್ತು ಅಂದರೆ ನೆನಪಿಲ್ಲ.
ಹೆಬ್ಬೆರಳು ಮೇಲಕ್ಕೆ, ಮೇಲಕ್ಕೆ, ಮೇಲಕ್ಕೆ.
ತಲೆ ಎತ್ತಿದಾಗ ಬುರುಡೆ ಒಂಟಿ, ಕಡಲು ತೊಳೆದಿಟ್ಟ ತಟ್ಟೆ.
ಎಷ್ಟಾಗಿತ್ತು? ಅರವತ್ತೋ? ಆರುನೂರೋ?

ಸೊಂಟದವರೆಗೆ ನೀರಿಗೆ ಇಳಿದಿದ್ದನಂತೆ, ಬೂಟಿನ ಸಮೇತ.
ಕೂಗಲು ಬಾಯಿ ತೆರೆದರೆ ಸ್ವರವಿಲ್ಲ.
ಆ ಗಂಟಲು ಮಾತಾಡಿ ಎಷ್ಟು ದಿನವಾಗಿತ್ತೋ.

ಆಗ, ತೀರ ಬೇರೆ ದಿಕ್ಕಿನಿಂದ, ಶಿಳ್ಳೆ.
ಕಟ್ಟಿದ ಉಸಿರನ್ನು ಮುಳುಗುವ ಹೆಂಗಸರು ಹಾಗೇ ಬಿಡುವುದು,
ಗಾಯಗೊಂಡ ಹಕ್ಕಿಯದೋ ಗೆದ್ದ ಹಕ್ಕಿಯದೋ ಹೇಳಲಾಗದ ದನಿ.
"ಎಷ್ಟಾಯ್ತು?" ನೀರಿನಿಂದಲೇ ಕೇಳಿದಳು.
ಅವನು ಅತ್ತ.
ಅದನ್ನೂ ಒಂದು ಸಂಖ್ಯೆಯೆಂದು ಒಪ್ಪಿಕೊಂಡು
ಮತ್ತೆ ಮುಳುಗಿದಳು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು.
ಸೋಮವಾರ ರಾತ್ರಿ ಮತ್ತೆ ಬಂದ. ಮೂವತ್ತೇಳೇ ಬೇಕು.
ಒಂದು ತಾಸಿಗೆ ಹಣ ಕೊಟ್ಟ, ಒಂದು ತಾಸಿಗೆ ಏಳಲಿಲ್ಲ,
ಎರಡಕ್ಕೂ ಇಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.
ಐದನೇ ತಾಸಿಗೆ, ಆಟದ ನಟ್ಟನಡುವೆ,
ನಲವತ್ತು ಜನರನ್ನು ಅಲ್ಲೇ ಬಿಟ್ಟು ಎದ್ದ.
ಬಾಗಿಲಾಚೆಯ ಚಳಿಯಲ್ಲಿ ನಿಂತು ಬಾಯಿ ಗುಂಡಗೆ ಮಾಡಿ
ಇದ್ದಬದ್ದ ಉಸಿರೆಲ್ಲ ಹೊರಗೆ ಊದಿದ.
ಶಿಳ್ಳೆ ಬರಲಿಲ್ಲ. ಬರೀ ಹಬೆ.

ಮಾಲೀಕರು ನೋಡುತ್ತಿರಲಿಲ್ಲ.
ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿದೆ.