ಹೆಸರಿಗೆ ಎಪ್ಪತ್ತೈದು ಪೈಸೆ

ಚಾಮರಾಜಪೇಟೆ ಮೂರನೇ ಮೇನು, ಝೆರಾಕ್ಸ್ ಅಂಗಡಿಯ ಮೇಲೆ
ತಗಡಿನ ಮಾಡು. ಪ್ರೆಸ್ಸು ಮುಚ್ಚಿದ ಮೇಲೆ
ಕರಡು ತಿದ್ದುತ್ತಿದ್ದ ಕಣ್ಣಿಗೆ ಸಿಕ್ಕ ಕೆಲಸ:
ಸಮುದ್ರದಾಚೆಯ ಯಾರದೋ ಹಿರೀಕರನ್ನು
ಪರದೆಯ ಮೇಲೆ ಹಿಗ್ಗಿಸಿ ಓದಿ
ಕಾಲಮ್ಮಿಗೆ ತುಂಬುವುದು.
ಹೆಸರಿಗೆ ಎಪ್ಪತ್ತೈದು ಪೈಸೆ. ತಪ್ಪಿದರೆ ಕಡಿತ.

ಈ ವಾರ ವಿಕರಿ ವಂಶ.
ಮೂಲಪುರುಷ ನಥಾನಿಯಲ್, ಪೀಪಾಯಿ ಕಟ್ಟುವವನು,
ಸಾವಿರದ ಆರುನೂರ ಮೂವತ್ತೆಂಟರಲ್ಲಿ ಹಡಗಿಳಿದ.
ಅದೇ ಹೊತ್ತಿಗೆ ನಮ್ಮ ಮಣ್ಣಿನ ಕೋಟೆಗೆ
ಬಿಜಾಪುರದ ದಂಡು ಬಂದಿತ್ತು. ಆ ದಂಡಿನ ಪಟ್ಟಿ
ಯಾರೂ ನನ್ನ ಕೈಗೆ ಕೊಟ್ಟಿಲ್ಲ.

ಆ ಕಾಲದ ಎಸ್ಸು ಕೊಕ್ಕರೆಯ ಹಾಗೆ ಕತ್ತು ಚಾಚಿ
ಎಫ್ಫಿನಂತೆ ನಿಲ್ಲುತ್ತದೆ.
ಇರಲಿ, ಸವೆದ ಮೊಳೆಯಲ್ಲಿ ಪ ಯಾವುದು ಷ ಯಾವುದೆಂದು
ಇಪ್ಪತ್ತೆರಡು ವರ್ಷ ಆರಿಸಿದವಳು ನಾನು.

ನಥಾನಿಯಲನ ಮಗ ನಥಾನಿಯಲ್. ಅವನ ಮಗನೂ ನಥಾನಿಯಲ್.
ತಾತನ ಹೆಸರು ಮೊಮ್ಮಗನಿಗೆ, ಅದು ನಮ್ಮಲ್ಲೂ ಉಂಟು;
ಇವರು ಒಂದು ತಲೆಮಾರೂ ಬಿಡುವು ಕೊಡಲಿಲ್ಲ.
ಹೆಂಡತಿ: ಮರ್ಸಿ. ತವರು: ತಿಳಿದಿಲ್ಲ.
ಹೆಂಡತಿ: ಪೇಷನ್ಸ್. ತವರು: ತಿಳಿದಿಲ್ಲ.
ಹೆಂಡತಿ: ತಿಳಿದಿಲ್ಲ.

‘ತಿಳಿದಿಲ್ಲಕ್ಕೂ ಎಪ್ಪತ್ತೈದು ಪೈಸೆಯಾ?’ ಕೇಳಿದೆ.
ಪ್ರಾಣೇಶ ತಲೆಯೆತ್ತದೆ ಅಂದ, ‘ಅದಕ್ಕೆ ಕಾಸಿಲ್ಲ ಮೇಡಂ.’

ಲಾಲ್‌ಬಾಗಿನ ಹಿಂದೆ, ಸಿದ್ಧಾಪುರದ ಸೊಪ್ಪಿನ ಮಡಿಗಳ ನಡುವೆ
ಎತ್ತಿನ ಮೇಲೆ ಕೂತು, ಗಂಟೆ ಆಡಿಸುತ್ತ ಬರುತ್ತಿದ್ದ
ಹೆಳವರ ಈರಬಸ್ಸ.
ಅಪ್ಪ ಕಂಬಳಿ ಹಾಸಿ ರಾಗಿ ಅಳೆದ ಮೇಲೆಯೇ ಬಾಯಿ ಬಿಚ್ಚುವನು:
ಮುನಿಗಂಗಪ್ಪನ ಮಗ ತಿಮ್ಮರಾಯ,
ತಿಮ್ಮರಾಯನ ಮಗ ಪಿಳ್ಳಪ್ಪ, ಬಾವಿಗೆ ಬಿದ್ದು ಎದ್ದುಬಂದ ಪಿಳ್ಳಪ್ಪ...
ಸತ್ತವರೆಲ್ಲ ಸಾಲಾಗಿ ಬಂದು ಜಗಲಿಯ ಮೇಲೆ ಕೂರುವರು.

ನಾನೆಲ್ಲಿ, ಅಂದೆ. ಒಂಬತ್ತು ವರ್ಷ ನನಗೆ.
‘ನೀನು ಗಂಡನ ಮನೆ ಹೊತ್ತಗೇಲಿ ಬರ್ತೀಯ ಕಣವ್ವ,
ಆ ಮನೆ ಹೆಳವ ಬೇರೆ.’

ಆ ಮನೆಗೆ ನಾನು ಹೋಗಲೇ ಇಲ್ಲ.
ಆ ಹೆಳವ ಇನ್ನೂ ಎಲ್ಲೋ
ಗಂಟೆ ಆಡಿಸುತ್ತ ನನ್ನನ್ನು ಹುಡುಕುತ್ತಿರಬಹುದು.

ಮೂರನೇ ನಥಾನಿಯಲನ ಮರಣಪತ್ರ, ಎರಡನೇ ಪುಟ:
ಗರಿ ತುಂಬಿದ ಹಾಸಿಗೆ ಒಂದು,
ಕಬ್ಬಿಣದ ಗಡಿಗೆ ಎರಡು,
ಡೈನಾ ಎಂಬ ಕರಿಯ ಹುಡುಗಿ, ವಯಸ್ಸು ಸುಮಾರು ಒಂಬತ್ತು,
ಕಂದು ಹಸು ಒಂದು.

ಗಡಿಗೆಗೂ ಹಸುವಿಗೂ ನಡುವೆ.
ಶಾಯಿ ಎಲ್ಲೂ ತಡವರಿಸಿಲ್ಲ.

‘ವಂಶಸ್ಥಳಲ್ಲ ಮೇಡಂ, ಬಿಟ್ಬಿಡಿ. ಸಾಮಾನಿನ ಪಟ್ಟಿ ನಮಗೆ ಬೇಡ.’
ಅವನ ಮಾತೂ ಸರಿಯೇ. ಅವಳಿಗೆ ಕಾಲಮ್ಮಿಲ್ಲ.
ಷರಾ ಎಂಬಲ್ಲಿ ಟೈಪು ಮಾಡಿದೆ:
ಡೈನಾ. ತಂದೆ ತಿಳಿದಿಲ್ಲ. ತಾಯಿ ತಿಳಿದಿಲ್ಲ.
ಇದ್ದಳು.

ಸಂಜೆ ಪುಟ ವಾಪಸು ಬಂತು, ಕೆಂಪು ಗೆರೆಯೊಂದಿಗೆ.
ಹೆಚ್ಚುವರಿ ಹೆಸರು ಒಂದು. ಕಡಿತ ಎಪ್ಪತ್ತೈದು ಪೈಸೆ.

ಹೆಸರು ಹೇಳಿದವರನ್ನು ಬರಿಗೈಲಿ ಕಳಿಸಬಾರದು,
ಅನ್ನುತ್ತಿದ್ದ ಅಪ್ಪ, ಸೇರಿನ ತುದಿ ಸವರದೆ ರಾಗಿ ಅಳೆಯುತ್ತ.
ಈ ಸಲ ಹೇಳಿದವಳೂ ನಾನೇ,
ಅಳೆದು ಕೊಟ್ಟವಳೂ.