ನಲ್ಲಿಯ ಬೀಗದಕೈ

ನಡಾವಳಿ ಬರೆಯುವುದು ನನ್ನ ಕೆಲಸ.
ಹಾಜರಿ, ವಿಷಯ, ತೀರ್ಮಾನ: ಮೂರು ಕಲಮು.
ರೊಸಾರಿಯೊ ಊರು, ಹಳಿ ಕಿತ್ತ ರೈಲುದಾರಿಯ ಬದಿ,
ಗುರುವಾರ ಸಂಜೆ. ಕುರ್ಚಿ ಏಳು, ಜನ ಇಪ್ಪತ್ತಮೂರು.
ಜನವರಿ. ಸೆಕೆಗೆ ಶಾಯಿ ಕೂಡ ಬೆರಳಿಗಂಟುತ್ತದೆ.

ನೆಲ ರೈಲ್ವೆಯದು: ವರ್ಷಕ್ಕೊಮ್ಮೆ ಸಹಿ ಬೇಡುವ ನೆಲ.
ಅದರ ಮೇಲೆ ನಮ್ಮ ಮೂವತ್ತು ಮಡಿ.
ಗೊಬ್ಬರ ಮಾತ್ರ ಬಾಲ್ದೊಮೆರಳದು.
ಅವಳು ಕುದುರೆ. ರದ್ದಿ ಆಯುವ ಸೆಫೆರಿನೊನ ಗಾಡಿ ಎಳೆಯುತ್ತಾಳೆ.
ದಿನಕ್ಕೆರಡು ಬುಟ್ಟಿ ಲದ್ದಿಯ ಲೆಕ್ಕದಲ್ಲಿ
ಅವಳೂ ಸಂಘದ ಸದಸ್ಯೆ.
(ಮತ ಇಲ್ಲ. ಅದಕ್ಕೂ ಒಮ್ಮೆ ಚರ್ಚೆ ನಡೆದಿತ್ತು.)

ರುಫೀನಾ ಮತ್ತವಳ ಓರಗಿತ್ತಿಯರು, ಕೋಮ್ ಜನ,
ಉತ್ತರದ ಕಾಡು ಬೋಳಾದ ವರ್ಷ
ಹಿಟ್ಟಿನ ಡಬ್ಬಿಯೊಳಗೆ ಕುಂಬಳದ ಬೀಜ ಬಚ್ಚಿಟ್ಟು ಬಂದವರು.
ಹಗಲು ಯಾರದೋ ಮನೆಯ ನೆಲ ಒರೆಸಿ
ಕತ್ತಲಾದ ಮೇಲೆ ತಮ್ಮ ಮಡಿಗೆ ಬರುತ್ತಾರೆ.
ಮುಚ್ಚಿದ ಮಾಂಸದ ಕಾರ್ಖಾನೆಯ ಮುದುಕರು
ಕೋಳಿ ಕೂಗುವ ಮುಂಚೆ ಬಂದು
ಎಂಟಕ್ಕೆಲ್ಲ ಮನೆ ಸೇರುತ್ತಾರೆ.
ಕುದುರೆಗೆ ಬಾಯಾರುವುದು ನಡುಮಧ್ಯಾಹ್ನ.

ನಗರಸಭೆ ಕೊಟ್ಟದ್ದು ಒಂದು ನಲ್ಲಿ, ಒಂದು ಬೀಗ, ಒಂದೇ ಬೀಗದಕೈ.

ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ
ಹೇಗೋ ಬಿಡಿಸಬಹುದು.
ಇಲ್ಲಿ ಎಲ್ಲರೂ ನೀರಿಗೇ.

ಸರದಿಯ ಪಟ್ಟಿ ಬರೆದು ಕಂಬಕ್ಕಂಟಿಸಿದೆ.
ಮೂರು ದಿನ ನಡೆಯಿತು. ನಾಲ್ಕನೆಯ ದಿನ
ಅದರಲ್ಲೇ ಯಾರೋ ಮೆಣಸಿನ ಸಸಿ ಸುತ್ತಿ ಒಯ್ದಿದ್ದರು.
"ಹಾಗಾದರೆ ಟೊಮೇಟೊ ಯಾರದು?"
ಶಾಲೆಯಿಂದ ಬಂದ ಹುಡುಗಿ ಕೇಳಿದಳು.
ಇದು ನಡಾವಳಿಯಲ್ಲಿಲ್ಲ.

ಬೀಗದಕೈ ಎರ್ಮಿನಿಯೊ ಮುದುಕನ ಕೊರಳಲ್ಲಿ.
ಮೂವತ್ತೆಂಟು ವರ್ಷ ಮಂಜಿನ ಕೋಣೆಯಲ್ಲಿ ತೊಡೆಮಾಂಸ ಹೊತ್ತು
ಎರಡು ಬೆರಳು ಸೆಟೆದವನು.
"ಕೊಟ್ಟರೆ ಕಳೆಯುತ್ತೀರಿ" ಎಂದ.
"ಕೊಡದಿದ್ದರೆ ಒಣಗುತ್ತೇವೆ" ಎಂದಳು ರುಫೀನಾ,
ಬುರುಡೆಯ ಕಹಿ ಮಾತೆ ಕಷಾಯವನ್ನು ಅವನಿಗೇ ಮೊದಲು ದಾಟಿಸುತ್ತ.
ಎಲ್ಲರಿಗೂ ಒಂದೇ ನಳಿಕೆ. ಅವನು ಹೀರಿದ.
ಕೊರಳ ದಾರ ಬಿಚ್ಚಲಿಲ್ಲ.

ವಿಶ್ವವಿದ್ಯಾಲಯದ ಮಿಲಾಗ್ರೋಸ್ ಅದೇ ಸಂಜೆ
ಮಣ್ಣಿನ ಫಲಿತಾಂಶ ತಂದಳು:
ಹಳಿಗೆ ತಾಗಿದ ನಾಲ್ಕು ಮಡಿಯಲ್ಲಿ ಸೀಸ.
ಸೊಪ್ಪು ಬೇಡ, ಗೆಡ್ಡೆ ಬೇಡ. ಹೂವಾದರೆ ಸರಿ.
ನಾಲ್ಕೂ ಮುದುಕರವು.

ಎರ್ಮಿನಿಯೊ ಏನೂ ಅನ್ನಲಿಲ್ಲ. ಎದ್ದುಹೋಗಿ
ಮೂಲಂಗಿ ಕೀಳತೊಡಗಿದ.
ಕತ್ತಲಲ್ಲಿ ಹೆಂಗಸರು ಬಂದಾಗ ಇನ್ನೂ ಕೀಳುತ್ತಿದ್ದ.
ಅವರು ಸಮಾಧಾನ ಹೇಳಲಿಲ್ಲ.
ತಮ್ಮ ಪಾಲಿನಲ್ಲಿ ಎರಡು ಮಡಿಗೆ ಗೂಟ ಹೊಡೆದು, ಹಗ್ಗ ಎಳೆದು
"ಇಲ್ಲಿಂದ ಆಚೆ ನಿಮ್ಮದು" ಎಂದರು.

ಬೀಗದಕೈ ಕಳೆದದ್ದು ಆ ರಾತ್ರಿ.
ದಾರ ಸವೆದಿತ್ತೋ, ಬಗ್ಗಿದಾಗ ಜಾರಿತೋ.
ಟಾರ್ಚು ಹಿಡಿದು ಲದ್ದಿಯ ರಾಶಿ ಮಗುಚಿದೆವು,
ಮೊದಲ ಸಲ ಎಲ್ಲರೂ ಒಟ್ಟಿಗೆ, ಮೂಗು ಮುಚ್ಚಿಕೊಳ್ಳದೆ.
ಕೊನೆಗೆ ಸೆಫೆರಿನೊ ಸುತ್ತಿಗೆ ತಂದು ಬೀಗ ಒಡೆದ.
ನೀರು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ,
ಕೈಯೆಲ್ಲ ಲದ್ದಿ.

ತೀರ್ಮಾನ: ಬೀಗದಕೈ ಸಿಕ್ಕಿಲ್ಲ.
ಹೊಸ ಬೀಗಕ್ಕೆ ನಗರಸಭೆಗೆ ಅರ್ಜಿ ಬರೆಯತಕ್ಕದ್ದು.
ಹೊಣೆ: ಕಾರ್ಯದರ್ಶಿ.

ಏಪ್ರಿಲ್ ಬಂತು. ಅರ್ಜಿ ಬರೆದಿಲ್ಲ.
ಸೀಸದ ಮಡಿಗಳಲ್ಲಿ ಚೆಂಡುಹೂ ಬಾಡುತ್ತಿದೆ.
ನದಿಯ ಕಡೆಯಿಂದ ಗಾಳಿ ಎದ್ದರೆ
ಪುಟ ಹಾರದಂತೆ ನಾನು ಮೇಲಿಡುವ
ಹಿತ್ತಾಳೆಯ ಆ ಚೂರನ್ನು
ಎರ್ಮಿನಿಯೊ ನೋಡುತ್ತಾನೆ,
ನೋಡಿ, ಬುರುಡೆಯನ್ನು ಪಕ್ಕದವಳಿಗೆ ದಾಟಿಸುತ್ತಾನೆ.

ಮುಂದಿನ ವಿಷಯ:
ಬಾಲ್ದೊಮೆರಾ ಎಲೆಕೋಸು ತಿಂದದ್ದು.